ಕೆಂಪು ಗೆರೆ ಬಲಕ್ಕೆ

ಹೋದ ವಾರ ಇಲ್ಲದ ಎಲೆ ಈ ವಾರ ಎಲ್ಲಿಂದ ಬಂತು?

ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು, ಕನ್ನಡಕ ಒರೆಸಿಕೊಂಡಳು, ಮತ್ತೆ ಬಗ್ಗಿ ನೋಡಿದಳು. ಎಲೆಯೇ, ಸಂಶಯವೇ ಬೇಡ. ಸ್ಲೈಡಿನ ತುಂಬ ಜೇನಿನ ಬಣ್ಣದ ಎಲೆಸಿಪ್ಪೆ, ಇಟ್ಟಿಗೆ ಜೋಡಿಸಿದಂತೆ ಕೋಶಗಳ ಗುರುತು ಸಮೇತ. ಅಂಚು ಕೂಡ ಸವೆದಿಲ್ಲ. ಇದೇ ಚೀಲದ ಮಣ್ಣನ್ನು ಹೋದ ವಾರ ಅವಳೇ ಕೈಯಾರೆ ಆಮ್ಲದಲ್ಲಿ ಕರಗಿಸಿ, ಜರಡಿ ಹಿಡಿದು, ಉಳಿದದ್ದನ್ನು ಗಾಜಿಗೆ ಅಂಟಿಸಿ ನೋಡಿದ್ದಳು. ಆಗ ಕಂಡದ್ದು ಬರೀ ಕರಿಮರದ ಚೂರು, ಸೂಜಿಯಷ್ಟು ಸಣ್ಣದು, ನಡುನಡುವೆ ಕಡಲ ಪಾಚಿಯ ಮುಳ್ಳುಮುಳ್ಳು ಚಿಪ್ಪು. ಎಲೆ ಮಾತ್ರ ಔಷಧಕ್ಕೆ ಬೇಕೆಂದರೂ ಇರಲಿಲ್ಲ.

ಕಚೇರಿಯಲ್ಲಿ ಅವಳಿಗೆ ಎಲೆ ಮೇಡಂ ಅಂತಲೇ ಹೆಸರು. ನೆಲ ಕೊರೆದು ತೆಗೆದ ಮಣ್ಣಿನ ಕಂಬಗಳಲ್ಲಿ ಸಿಗುವ ಗಿಡಮರದ ಕಸ ನೋಡಿ, ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿ ಹೊಳೆ ಇತ್ತೋ, ಕೆಸರುದಡ ಇತ್ತೋ, ಕಡಲಿತ್ತೋ ಹೇಳುವುದು ಅವಳ ಕೆಲಸ. ಕೇಳುವುದಕ್ಕೆ ದೊಡ್ಡ ವಿದ್ಯೆ. ಮಾಡುವುದಕ್ಕೆ ಹೋದರೆ, ಪಕ್ಕದ ಮನೆಯವರು ಗುಡಿಸಿ ಹಾಕಿದ ಕಸ ನೋಡಿ ಅವರ ಸಂಸಾರದ ಬಗ್ಗೆ ಮಾತಾಡಿದ ಹಾಗೆ. ಹೊಳೆ ಕಡಲು ಸೇರುವಾಗ ತಾನು ಹೊತ್ತು ತಂದ ಎಲೆಯನ್ನು ದಡದ ಹತ್ತಿರವೇ ಸುರಿದುಬಿಡುತ್ತದೆ. ದೂರ ಹೋದಷ್ಟೂ ಎಲೆ ಹರಿದು ಹುಡಿಯಾಗುತ್ತದೆ, ಕೊನೆಗೆ ಉಳಿಯುವುದು ಯಾವುದಕ್ಕೂ ಜಗ್ಗದ ಮರದ ಚೂರು ಮಾತ್ರ. ಹಾಗಾಗಿ ದೊಡ್ಡ ಎಲೆ ಸಿಕ್ಕಿದರೆ ಹೊಳೆ ಹತ್ತಿರ ಇತ್ತು ಎಂದು ಅರ್ಥ. ಮರದ ಸೂಜಿ, ಪಾಚಿಚಿಪ್ಪು ಸಿಕ್ಕಿದರೆ ಅದು ಕಡಲು.

ಈ ಸಲ ಉತ್ತರಕ್ಕೆ ಕಾದಿದ್ದವರು ಕಡಲಂಚಿನ ಒಂದು ಊರಿನವರು. ಅವರ ಬಾವಿಗಳಿಗೆಲ್ಲ ಉಪ್ಪು ಹತ್ತಿತ್ತು. ಹೊಸ ಬಾವಿ ಎಲ್ಲಿ ತೋಡಬೇಕು, ಹಳೇ ಹೊಳೆಯ ಸಿಹಿನೀರಿನ ಮರಳು ಎಲ್ಲಿದೆ ಎಂದು ಕಚೇರಿ ಹೇಳಬೇಕಿತ್ತು. ಎಲ್ಲ ನಿಂತದ್ದು ಬಹಳ ವರ್ಷದ ಕೆಳಗೆ ಶಾಲೆಯ ಹಿಂದೆ ಪರೀಕ್ಷೆಗೆ ಕೊರೆದ ಬಾವಿಯ ಒಂದೇ ಒಂದು ಪೆಟ್ಟಿಗೆ ಮಣ್ಣಿನ ಮೇಲೆ. ಅದರ ಮೇಲಿನ ಮಣ್ಣು ಕೊರೆಯುವಾಗಲೇ ತೊಳೆದುಹೋಗಿತ್ತು, ಕೆಳಗಿನದು ಏನೂ ಇಲ್ಲದ ಜೇಡಿ. ಅವಳ ಮೊದಲ ಸ್ಲೈಡುಗಳ ಪ್ರಕಾರ ಆ ಪೆಟ್ಟಿಗೆಯಲ್ಲಿ ಎಲೆ ಕೆಳಗೆ, ಕಡಲು ಮೇಲೆ. ಅಂದರೆ ಹೊಳೆಯನ್ನು ಕಡಲು ನುಂಗಿದೆ, ಶಾಲೆಯ ಹತ್ತಿರ ತೋಡಿ ಪ್ರಯೋಜನವಿಲ್ಲ. ಭಾವ ಮಾತ್ರ ಬಹಳ ವರ್ಷದಿಂದ ಹೇಳಿಕೊಂಡು ಬಂದಿದ್ದು ಇದಕ್ಕೆ ತದ್ವಿರುದ್ಧ. ಕಡಲನ್ನು ಹೊಳೆಯೇ ಹಿಂದಕ್ಕೆ ತಳ್ಳಿದೆ, ಶಾಲೆಯ ಕೆಳಗೇ ಹಳೇ ಹೊಳೆಬಾಯಿ ಇದೆ, ತೋಡುವುದಾದರೆ ಅಲ್ಲೇ ತೋಡಿ ಎಂದು.

ಭಾವ ಎಂದರೆ ಅಕ್ಕನ ಗಂಡ. ಅದೇ ಕಚೇರಿಯಲ್ಲಿ ಮಣ್ಣಿನ ಪೆಟ್ಟಿಗೆಗಳ ಉಗ್ರಾಣಕ್ಕೆ ಯಜಮಾನ. ಎಲ್ಲರೂ ಪೆಟ್ಟಿಗೆ ಸಾಹೇಬರು ಅನ್ನುತ್ತಿದ್ದರು. ಅಪ್ಪ ಹೋದ ಮೇಲೆ ಅವಳನ್ನು ಮನೆಯಲ್ಲಿಟ್ಟುಕೊಂಡು ಓದಿಸಿದ್ದು ಅವರೇ, ಮೊದಲ ಸಲ ಅವಳ ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಹಚ್ಚಿದ್ದೂ ಅವರೇ. "ಏನ್ ಕಾಣ್ತು ಪುಟ್ಟಿ?" ಎಂದು ಕೇಳಿದ್ದಕ್ಕೆ ಅವಳು "ನನ್ನ ರೆಪ್ಪೆ" ಎಂದಿದ್ದಳು. ಆ ಮಾತನ್ನು ಅವರು ಇವತ್ತಿಗೂ ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ.

ಆ ಭಾವನೇ ನಾಲ್ಕಾರು ದಿನದ ಹಿಂದೆ ಅವಳ ಮೇಜಿನ ಹತ್ತಿರ ಬಂದು, ನಿಂತಲ್ಲೇ ನಿಂತು, "ಶಾಲೆ ಬಾವಿ ಸ್ಲೈಡೆಲ್ಲ ಬಿಸಾಕಿ ಇನ್ನೊಂದ್ಸಲ ಮಾಡ್ಬಿಡೇ. ಈ ಸಲ ಬಂದಿರೋ ಅಂಟು ಸರಿಯಿಲ್ಲ, ಹಳದಿ ತಿರುಗುತ್ತೆ" ಎಂದಿದ್ದರು. ಅಂಟು ಚೆನ್ನಾಗಿಯೇ ಇತ್ತು. ಆದರೂ ಭಾವ ಹೇಳಿದ್ದಲ್ಲವೇ ಎಂದು ಅವಳು ಬಿಸಾಕಿದ್ದಳು. ಮೇಜಿನ ಖಾನೆಯ ಮೂಲೆಗೆ ಜಾರಿದ್ದ ಒಂದು ಮಾತ್ರ ಉಳಿದಿತ್ತು. ಈಗ ಅದನ್ನು ಹುಡುಕಿ ತೆಗೆದು, ಹೊಸದರ ಪಕ್ಕ ಇಟ್ಟು, ಒಂದಾದ ಮೇಲೊಂದು ನೋಡಿದಳು. ಎರಡರ ಮೇಲೂ ಒಂದೇ ಆಳ ಬರೆದಿತ್ತು. ಒಂದರಲ್ಲಿ ಕಡಲು, ಇನ್ನೊಂದರಲ್ಲಿ ಹೊಳೆ.

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಕಳ್ಳ ಅಂದುಬಿಡುತ್ತಿದ್ದಳು.

ಅಷ್ಟರಲ್ಲಿ ಟೀ ಲೋಟ ಹಿಡಿದುಕೊಂಡು ನಕ್ಷೆಯವನು ಬಂದ. ಕಚೇರಿಯ ನಕ್ಷೆಗಳನ್ನೆಲ್ಲ ಬರೆಯುವವನು ಅವನೇ. ಕೈಯಲ್ಲಿ ಎಳೆಯುವ ಗೆರೆಗಿಂತ ಬಾಯಲ್ಲಿ ಎಳೆಯುವುದೇ ಉದ್ದ.

"ಏನ್ ಎಲೆ ಮೇಡಂ, ಮುಖ ಹೀಗಾಗಿದೆ? ಉಪ್ಪುನೀರು ನೀವೇ ಕುಡಿದ್ರಾ?"

"ಏನಿಲ್ಲ. ಕಣ್ಣು ನೋಯ್ತಿದೆ."

"ನೋಯದೇ ಏನು. ಅಲ್ಲ, ನಾನು ನಕ್ಷೆ ಯಾವ ಕಡೆಗೆ ಬರೀಲಿ ಹೇಳಿ. ನಿಮ್ಮ ಮಾತು ಕೇಳಿದ್ರೆ ಶಾಲೆ ಹತ್ರ ಕಡಲು. ಪೆಟ್ಟಿಗೆ ಸಾಹೇಬ್ರು ನಿನ್ನೆ ಬಂದು, ಸ್ವಲ್ಪ ತಡಿ, ಹೊಳೆ ಆಗುತ್ತೆ ಅಂದ್ರು."

"ಆಗುತ್ತೆ ಅಂದ್ರಾ?"

"ಹಾಗೇ ಅಂದ್ರಪ್ಪ. ಅವರಿಗೂ ಪಾಪ, ಮನೆಗೆ ಹೋಗೋ ವಯಸ್ಸಾಯ್ತು. ಹೋಗೋ ಮುಂಚೆ ತಾನು ಹೇಳಿದ್ದೇ ಸರಿ ಅನ್ನಿಸ್ಕೋಬೇಕು ಅಂತ ಯಾರಿಗಿರಲ್ಲ?" ಎಂದು ಅವನು ಟೀ ಸೊರ್ರನೆ ಎಳೆದ. "ನಾನೇನೂ ಹೇಳಿಲ್ಲ ಮತ್ತೆ. ನಿಮ್ಮ ಮನೆಯವರು, ನೀವುಂಟು ಅವರುಂಟು."

ಹೇಳುವುದನ್ನೆಲ್ಲ ಹೇಳಿ ಏನೂ ಹೇಳಿಲ್ಲ ಎನ್ನುವವರ ಪೈಕಿ ಅವನು. ಅವನು ಹೋದ ಮೇಲೆ ಅವಳು ಚೀಲಗಳಿದ್ದ ಕಪಾಟು ತೆರೆದಳು. ಪೆಟ್ಟಿಗೆಯ ಮಣ್ಣಿನಿಂದ ಅಲ್ಲಲ್ಲಿ ಕೆತ್ತಿ ತಂದ ಚೂರುಗಳನ್ನು ಸಣ್ಣ ಬಟ್ಟೆ ಚೀಲಗಳಲ್ಲಿ ಕಟ್ಟಿ, ಆಳ ಬರೆದ ಚೀಟಿ ಹಚ್ಚಿ, ಅವಳೇ ಇಲ್ಲಿ ಸಾಲಾಗಿ ಇಟ್ಟಿದ್ದಳು. ಸಾಲು ಹಾಗೇ ಇತ್ತು. ಆದರೆ ದಾರ ನೋಡಿದಳು. ಅವಳು ಕಟ್ಟುವುದು ಒಂದೇ ಗಂಟು, ತುದಿ ಜಗ್ಗಿದರೆ ಬಿಚ್ಚಿಕೊಳ್ಳುವಂಥದ್ದು. ಇಲ್ಲಿ ಪ್ರತಿಯೊಂದಕ್ಕೂ ಎರಡೆರಡು ಗಂಟು, ಬಿಗಿದು ಕಟ್ಟಿದ್ದು. ಚೀಟಿಗಳು ಹೊಸವು. ಅಕ್ಷರ ಅವಳದೇ ಥರ ಇತ್ತು, ಅವಳದಾಗಿರಲಿಲ್ಲ. ಅವಳಿಗೆ ಅಕ್ಷರ ತಿದ್ದಿಸಿದವರು ಯಾರೋ ಅವರ ಕೈಯೇ ಅದು.

ಭಾನುವಾರ ಎಂದಿನಂತೆ ಅಕ್ಕನ ಮನೆಯಲ್ಲಿ ಊಟ. ಅಕ್ಕ ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ, "ಬಂದ್ಯಾ ಪುಟ್ಟಿ? ತಟ್ಟೆ ಹಾಕು. ನಿಮ್ಮ ಭಾವ ಬೆಳಗ್ಗೆಯಿಂದ ಪೇಪರ್ ಹಿಡ್ಕೊಂಡು ಒಂದೇ ಹಾಳೆ ನೋಡ್ತಿದಾರೆ" ಎಂದಳು.

ತಟ್ಟೆ ಹಾಕುವಾಗ ಅವಳ ಕಣ್ಣು ಭಾವನ ಕೈ ಮೇಲೆಯೇ ಇತ್ತು. ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ನೀಲಿ ಕಲೆ. ಚೀಟಿ ಬರೆಯುವ ಶಾಯಿ ನೀರಿಗೆ, ಆಮ್ಲಕ್ಕೆ ಹೋಗಬಾರದು ಎಂದು ವಿಶೇಷವಾಗಿ ತರಿಸಿದ್ದು. ಸೋಪಿಗೆಲ್ಲಿ ಹೋಗುತ್ತದೆ? ಅವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. ಅವಳು ನೋಡಿದ್ದನ್ನು ಅವರೂ ನೋಡಿದ್ದರು.

"ಭಾವ, ಶಾಲೆ ಬಾವಿ ಚೀಲಗಳನ್ನ ಯಾರಾದ್ರೂ ಮುಟ್ಟಿದ್ರಾ?" ಎಂದು ಅವಳು ನೀರು ಬಗ್ಗಿಸುತ್ತ ಕೇಳಿದಳು, ಹವಾಮಾನ ಕೇಳುವವಳ ಹಾಗೆ.

"ಯಾರು ಮುಟ್ತಾರೆ? ಕಪಾಟಿನ ಕೀಲಿ ನನ್ನ ಹತ್ರ, ನಿನ್ನ ಹತ್ರ ಬಿಟ್ರೆ ಇನ್ಯಾರ ಹತ್ರ ಇದೆ?"

"ಅದಕ್ಕೇ ಕೇಳ್ದೆ."

"ಇಲ್ಲಮ್ಮ. ಯಾರೂ ಮುಟ್ಟಿಲ್ಲ."

ಅವಳು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು. ಸುಳ್ಳು ಹೇಳುವುದು ಒಂದು, ಇಷ್ಟು ಮೆಲ್ಲಗೆ, ಇಷ್ಟು ಅಕ್ಕರೆಯಿಂದ ಹೇಳುವುದು ಇನ್ನೊಂದು. ಅವಳಿಗೆ ಸಿಟ್ಟಿಗಿಂತ ಮೊದಲು ಭಯವಾಯಿತು. ಈ ಮನುಷ್ಯ ಇಷ್ಟು ವರ್ಷ ಹೇಳಿಕೊಟ್ಟದ್ದರಲ್ಲಿ ಇನ್ನೆಷ್ಟು ಹೀಗಿರಬಹುದು? ಯಾವ ಯಾವ ಬಾವಿಯ ಯಾವ ಯಾವ ಚೀಲ? ನಗುನಗುತ್ತ ರೆಪ್ಪೆಯ ಕಥೆ ಹೇಳುವಾಗಲೂ ಒಳಗೊಂದು ಲೆಕ್ಕ ಇಟ್ಟುಕೊಂಡೇ ಇರುತ್ತಿದ್ದರೋ ಏನೋ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಅಕ್ಕ ಅವಳ ಮೊಣಕೈ ತಿವಿದಳು. "ಏನಾಗಿದೆ ನಿಮ್ಮಿಬ್ಬರಿಗೆ? ಒಬ್ಬರು ಮಾತಾಡಲ್ಲ, ಇನ್ನೊಬ್ಬಳು ಊಟ ಮಾಡಲ್ಲ. ನಿದ್ದೇನೂ ಮಾಡ್ತಿಲ್ಲ ಕಣೇ ಅವರು. ಕೇಳಿದ್ರೆ, ಪುಟ್ಟಿ ವಿಷಯ, ನಿನಗೆ ಅರ್ಥ ಆಗಲ್ಲ ಬಿಡು ಅಂತಾರೆ."

"ನನ್ನ ವಿಷಯಾನಾ? ಚೆನ್ನಾಗಿದೆ!"

"ಯಾಕೆ ಹಾಗಂತೀಯ?"

"ಏನಿಲ್ಲಕ್ಕ. ಸೋಪು ಕೊಡು."

ಹೆಂಡತಿಯ ಹತ್ತಿರವೂ ತನ್ನ ಮೇಲೇ ಹಾಕಿದ್ದಾರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಹೊರಡುವಾಗ ಭಾವ ಬಾಗಿಲವರೆಗೆ ಬಂದು, "ಹುಷಾರಾಗಿ ಹೋಗು" ಎಂದರು. ಅವಳು ತಿರುಗಿ ನೋಡಲಿಲ್ಲ.

ಸೋಮವಾರ ಅವಳು ನೇರ ದೊಡ್ಡವರ ಕೋಣೆಗೆ ಹೋದಳು. ಕಚೇರಿಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು. ಗಾತ್ರದಲ್ಲಿ ಸಣ್ಣ ಆಳು, ಮಾತು ಇನ್ನೂ ಸಣ್ಣದು. ಅವಳು ಎರಡು ಸ್ಲೈಡು ಮೇಜಿನ ಮೇಲಿಟ್ಟಳು, ಗಂಟಿನ ವಿಷಯ ಹೇಳಿದಳು, ಚೀಟಿಯ ವಿಷಯ ಹೇಳಿದಳು. ಹೆಬ್ಬೆರಳಿನ ವಿಷಯ ಬಾಯಿಗೆ ಬಂದಿತ್ತು, ನುಂಗಿಕೊಂಡಳು. ಅದು ಅಕ್ಕನ ಮನೆಯಲ್ಲಿ ಉಣ್ಣುವಾಗ ಕಂಡದ್ದು.

ದೊಡ್ಡವರು ಸ್ಲೈಡುಗಳನ್ನು ಬೆಳಕಿಗೆ ಹಿಡಿದರು, ಬರಿಗಣ್ಣಿಗೆ ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದರೂ. "ಮನೇಲಿ ಏನಾದ್ರೂ ಜಗಳ ಇದೆಯಾ?"

"ಇಲ್ಲ ಸರ್."

"ಕೇಳಲೇಬೇಕು, ಕೇಳ್ದೆ. ನಾಳೆ ಒಂದೂರಿನವರು ಬಂದು ನನ್ನ ಕುತ್ತಿಗೆ ಪಟ್ಟಿ ಹಿಡೀತಾರೆ." ಅವರು ಸ್ಲೈಡುಗಳನ್ನು ಮತ್ತೆ ಮೇಜಿನ ಮೇಲಿಟ್ಟರು. "ಪೆಟ್ಟಿಗೇಲಿರೋ ಮಣ್ಣು ಸುಳ್ಳು ಹೇಳಲ್ಲವಲ್ಲ. ನೀವೇ ಉಗ್ರಾಣಕ್ಕೆ ಹೋಗಿ, ಹೊಸದಾಗಿ ಕೆತ್ತಿ ತನ್ನಿ. ಕೀಲಿ ನಾನು ತರಿಸ್ತೀನಿ."

ತರಿಸಲಿಲ್ಲ, ಭಾವನನ್ನೇ ಕರೆಸಿದರು. ಭಾವ ಬಂದರು, ಮೇಜಿನ ಮೇಲಿದ್ದ ಎರಡು ಸ್ಲೈಡು ನೋಡಿದರು, ಅವಳನ್ನು ನೋಡಿದರು. ದೊಡ್ಡವರು ಏನು ಎತ್ತ ಎಂದು ಬಾಯಿ ಬಿಡುವ ಮೊದಲೇ ಸೊಂಟದ ಗೊಂಚಲಿನಿಂದ ಉಗ್ರಾಣದ ಕೀಲಿ ಬಿಡಿಸಿ ಮೇಜಿನ ಮೇಲಿಟ್ಟರು. ಬಿಡಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಬಹಳ ವರ್ಷದಿಂದ ಅಲ್ಲೇ ಇದ್ದದ್ದು. ಬಾಗಿಲ ಹತ್ತಿರ ಹೋಗಿ ನಿಂತು ಅವಳಿಗೆ ಹೇಳಿದರು, "ನಿಧಾನ ತೆಗಿ. ಕೆಳಗಿನ ಸಾಲಿನ ಕೊನೇ ತುಂಡು ಸಡಿಲ ಇದೆ."

ಎಂಥ ನಾಟಕ, ಅಂದುಕೊಂಡಳು ಅವಳು.

ಉಗ್ರಾಣದಲ್ಲಿ ಹಳೇ ಮಣ್ಣಿನ, ಒದ್ದೆ ಮರದ ವಾಸನೆ. ಶಾಲೆ ಬಾವಿಯ ಪೆಟ್ಟಿಗೆಯನ್ನು ಎಳೆದು ಕಿಟಕಿಯ ಬೆಳಕಿಗೆ ತಂದು ಮುಚ್ಚಳ ತೆಗೆದಳು. ಮೊಳಕೈ ಗಾತ್ರದ ಬೂದು ತುಂಡುಗಳು ಸಾಲುಸಾಲಾಗಿ ಮಲಗಿದ್ದವು. ಒಂದೊಂದರ ಮೈಮೇಲೂ ಉದ್ದಕ್ಕೆ ಎರಡು ಗೆರೆ, ಒಂದು ಕೆಂಪು, ಒಂದು ಕಪ್ಪು. ಈ ಗೆರೆಗಳೇ ಈ ಕೆಲಸದ ಪ್ರಾಣ. ನೆಲದಿಂದ ಎತ್ತಿದ ಮೇಲೆ ಮಣ್ಣಿನ ತುಂಡಿಗೆ ಮೇಲು ಕೆಳಗು ಗೊತ್ತಾಗುವುದಿಲ್ಲ. ಅದಕ್ಕೆ ಕೊಳವೆಯಿಂದ ಹೊರಗೆ ಬಂದ ಕೂಡಲೇ, ಬುಡದ ಕಡೆ ನಿಂತು ತಲೆಯ ಕಡೆ ನೋಡಿ, ಕೆಂಪು ಬಲಕ್ಕೆ ಬರುವ ಹಾಗೆ ಗೆರೆ ಎಳೆಯಬೇಕು. ಒಬ್ಬರು ಎಳೆದರೆ ಇನ್ನೊಬ್ಬರು ನೋಡಿ ಗುರುತು ಹಾಕಬೇಕು. ಭಾವ ಅವಳಿಗೆ ಈ ಕಚೇರಿಯಲ್ಲಿ ಕಲಿಸಿದ ಮೊದಲ ಪಾಠ ಅದು.

ಅವಳು ಬಟ್ಟೆ ಒದ್ದೆ ಮಾಡಿ ತುಂಡುಗಳನ್ನು ಒಂದೊಂದಾಗಿ ಒರೆಸುತ್ತ ಬಂದಳು. ಒಣಗಿದಾಗ ಬರೀ ಬೂದಿಯಂತಿರುವ ಮಣ್ಣು ನೀರು ತಾಗಿದರೆ ಮಾತಾಡುತ್ತದೆ. ಮೇಲಿನ ಸಾಲಿನಲ್ಲಿ ನುಣ್ಣನೆಯ ಕಡಲ ಕೆಸರು. ನಡುವಿನಲ್ಲಿ ತೆಳುತೆಳು ಮರಳಿನ ಪಟ್ಟೆ. ಕೆಳಗಿನ ಸಾಲಿನಲ್ಲಿ ಎಲೆ, ಬರಿಗಣ್ಣಿಗೇ ಕಾಣುವಷ್ಟು, ಕರಿಗಟ್ಟಿ ಪದರವಾಗಿ. ಅಂದರೆ ಅವಳ ಮೊದಲ ಸ್ಲೈಡುಗಳು ಸರಿ. ಮಣ್ಣು ಅವಳ ಪರವಾಗಿತ್ತು. ಗೆದ್ದೆ ಅನ್ನಿಸಬೇಕಿತ್ತು, ಅಳು ಬಂತು. ಭಾವ ನಿಜವಾಗಿಯೂ ಮಾಡಿದ್ದಾರೆ ಹಾಗಾದರೆ.

ಕೊನೇ ತುಂಡು ಸಡಿಲವಿತ್ತು. ಎರಡೂ ಕೈಯಲ್ಲಿ ಎತ್ತಿ ಒರೆಸಿದಳು. ಎಲೆಪದರದ ಪಕ್ಕದಿಂದ ಒಂದು ಕರಿ ಎಳೆ ಹೊರಟಿತ್ತು. ಆರಂಭದಲ್ಲಿ ಕಡ್ಡಿಯಷ್ಟು ದಪ್ಪ, ಹೋಗುತ್ತ ಹೋಗುತ್ತ ಕವಲಾಗಿ, ಮತ್ತೆ ಕವಲಾಗಿ, ಕೂದಲಿನಷ್ಟು ಸಣ್ಣಗಾಗಿ ಮಣ್ಣಿನಲ್ಲಿ ಕರಗಿತ್ತು. ಬೇರು. ಹೊಳೆದಡದ ಕೆಸರಲ್ಲಿ ನಿಂತಿದ್ದ ಯಾವುದೋ ಗಿಡದ ಬೇರು, ನಿಂತ ಜಾಗದಲ್ಲೇ ಕಲ್ಲಾದದ್ದು.

ಗೆರೆ ನೋಡಿ ತುಂಡನ್ನು ನೆಟ್ಟಗೆ ನಿಲ್ಲಿಸಿದಳು, ಕೆಂಪು ಬಲಕ್ಕೆ. ಬೇರು ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು.

"ಥೂ, ಬೇರು ಎಲ್ಲಾದ್ರೂ ಆಕಾಶಕ್ಕೆ ಇಳಿಯುತ್ತಾ" ಎಂದು ಜೋರಾಗಿಯೇ ಅಂದಳು. ಅಂದವಳು ಹಾಗೇ ನಿಂತಳು. ತುಂಡನ್ನು ನಿಧಾನವಾಗಿ ತಲೆಕೆಳಗು ಮಾಡಿದಳು. ಈಗ ಬೇರು ಬೇರಿನ ಹಾಗೆ ಇಳಿದಿತ್ತು, ಕೆಂಪು ಗೆರೆ ಎಡಕ್ಕೆ ಬಂದಿತ್ತು.

ಮುಚ್ಚಳ ತಿರುವಿ ನೋಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಮೂಲೆಯಲ್ಲಿ ಬಣ್ಣದಲ್ಲಿ ಬರೆದ ಒಂದು ಪುಟ್ಟ ಎಲೆ. ಅವಳು ಕೆಲಸಕ್ಕೆ ಸೇರಿದ ಹೊಸತು, ಒಬ್ಬಳೇ ಗೆರೆ ಎಳೆದ ಮೊದಲ ಪೆಟ್ಟಿಗೆ, ಖುಷಿಗೆ ಬರೆದದ್ದು. ಎಲೆಯ ಪಕ್ಕ ಭಾವನ ಗುರುತು. ಆ ದಿನ ಎಂಥ ಬಿಸಿಲು! ಮಣ್ಣಿನ ಕೊಳವೆಯನ್ನು ಬಯಲಲ್ಲಿ ಮಲಗಿಸಿದ್ದರು, ಒಂದು ತುದಿ ಮಾತ್ರ ಶಾಲೆಯ ಗೋಡೆಯ ನೆರಳಿಗೆ ಬರುತ್ತಿತ್ತು. ಅವಳು ಆ ತುದಿಗೆ ಹೋಗಿ ನಿಂತು, ಕೆಂಪು ಬಲಕ್ಕೆ, ಕೆಂಪು ಬಲಕ್ಕೆ ಎಂದು ಬಾಯಿಪಾಠ ಹೇಳಿಕೊಳ್ಳುತ್ತ ಗೆರೆ ಎಳೆದಿದ್ದಳು. ನಿಂತದ್ದು ಬುಡವೋ ತಲೆಯೋ ನೋಡಿರಲಿಲ್ಲ. ಭಾವ ಗೋಡೆಗೊರಗಿ ಟೀ ಕುಡಿಯುತ್ತಿದ್ದರು. ನೋಡಿ ಭಾವ ಅಂದದ್ದಕ್ಕೆ, "ನೀನು ಹಾಕಿದ್ಮೇಲೆ ನೋಡೋದೇನಿದೆ" ಎಂದು ಕೂತಲ್ಲಿಂದಲೇ ಕೈ ಚಾಚಿ ಗುರುತು ಹಾಕಿದ್ದರು. ಆ ಮಾತಿಗೆ ಅವಳು ಎಷ್ಟೋ ದಿನ ಹಿಗ್ಗಿಕೊಂಡು ತಿರುಗಿದ್ದಳು.

ಪೆಟ್ಟಿಗೆ ತಲೆಕೆಳಗು. ಕಡಲು ಕೆಳಗೆ, ಹೊಳೆ ಮೇಲೆ. ಹೊಸ ಚೀಟಿಗಳೇ ಸರಿ.

ಹೊರಗೆ ಬಂದಾಗ ಭಾವ ಉಗ್ರಾಣದ ಮೆಟ್ಟಿಲ ಮೇಲೆ ಕೂತಿದ್ದರು. ಸೊಂಟದ ಗೊಂಚಲಿನಲ್ಲಿ ಆ ಕೀಲಿಯಿದ್ದ ಜಾಗವನ್ನು ಆಗಾಗ ತಡವಿಕೊಳ್ಳುತ್ತಿದ್ದರು. ಅವಳು ಬೇರಿನ ತುಂಡನ್ನು ಎದೆಗವಚಿಕೊಂಡು ಎದುರಿಗೆ ನಿಂತಳು.

"ಯಾಕೆ ಹೇಳ್ಲಿಲ್ಲ?"

"ಸಿಕ್ತಾ ಬೇರು?"

"ಯಾಕೆ ಹೇಳ್ಲಿಲ್ಲ ಅಂದೆ."

"ಹೇಳಿದ್ರೆ ನೀನು ಓಡಿಹೋಗಿ ದೊಡ್ಡವರ ಮುಂದೆ ಒಪ್ಪಿಕೊಂಡುಬಿಡ್ತಿದ್ದೆ. ಆಮೇಲೆ ನಿನ್ನ ಯಾವ ಪೆಟ್ಟಿಗೇನೂ ಯಾರೂ ನಂಬ್ತಿರ್ಲಿಲ್ಲ. ಚೀಟಿ ತಿದ್ದಿಬಿಟ್ರೆ ಊರಿಗೆ ನೀರು ಸಿಗುತ್ತೆ, ನಿನ್ನ ಹೆಸರೂ ಉಳಿಯುತ್ತೆ ಅಂದ್ಕೊಂಡೆ."

"ಪೆಟ್ಟಿಗೆ ಯಾಕೆ ತಿರುಗಿಸ್ಲಿಲ್ಲ ಮತ್ತೆ?"

"ತಿರುಗಿಸಬೇಕಾದ್ರೆ ಗೆರೆ ಅಳಿಸಬೇಕು. ನೀನು ಎಳೆದಿದ್ದು. ಕೈ ಬರ್ಲಿಲ್ಲ."

ಅವಳು ತುಂಡಿನ ಮೇಲಿನ ಕೆಂಪು ಗೆರೆ ನೋಡಿದಳು. ಆದರೂ ಇಷ್ಟು ದಿನ ಸಾಕಿದ ಅನುಮಾನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. "ನಿಮ್ಮ ಗುರುತೂ ಇತ್ತು ಅದರ ಮೇಲೆ. ನೋಡದೇ ಹಾಕಿದ್ದು. ನಿಜ ಹೇಳಿ ಭಾವ, ನನಗೋಸ್ಕರ ಮಾಡಿದ್ರೋ, ನಿಮಗೋಸ್ಕರಾನೋ?"

ಭಾವ ಹೆಬ್ಬೆರಳಿನ ಕಲೆಯನ್ನು ಉಗುರಿನಿಂದ ಕೆರೆದರು. "ಮೊದ್ಲು ನಿನಗೋಸ್ಕರ ಅಂದ್ಕೊಂಡೆ ಕಣೇ. ಆಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ. ನಿನಗೋಸ್ಕರ ಆಗಿದ್ರೆ ನಿದ್ದೆ ಬರ್ತಿತ್ತೇನೋ."

"ಊಟಕ್ಕೆ ಕೂತಾಗ ಕೇಳಿದೆನಲ್ಲ. ಆಗಲಾದ್ರೂ ಹೇಳಬಹುದಿತ್ತು."

"ಅದು ಕೇಳಿದ್ದಲ್ಲ ಪುಟ್ಟಿ. ಬಲೆ ಹಾಕಿದ್ದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. "ಭಾವ, ನೀವು ಚೀಟಿ ಬದಲಾಯಿಸಿದ್ರಾ ಅಂತ ಕೇಳಿದ್ರೆ ಸುಳ್ಳು ಹೇಳೋಕೆ ನನಗಾಗ್ತಿತ್ತಾ? ನನ್ನ ಹತ್ರ ಬರೋಕೆ ಮುಂಚೆ ದೊಡ್ಡವರ ಹತ್ರ ಹೋದ್ಯಲ್ಲ ನೀನು."

ನೀವೂ ನನ್ನ ಹತ್ತಿರ ಬರದೆ ಕದ್ದು ಚೀಟಿ ಬದಲಾಯಿಸಿದಿರಲ್ಲ ಎಂದು ಅವಳು ಅನ್ನಬಹುದಿತ್ತು. ಅದೂ ನಿಜವೇ. ಆದರೆ ಆ ಮೆಟ್ಟಿಲ ಮೇಲೆ ಅದನ್ನು ಆಡಲು ಬಾಯಿ ಬರಲಿಲ್ಲ.

ಅವಳು ತುಂಡನ್ನು ಎತ್ತಿಕೊಂಡು ಹೋಗಿ ದೊಡ್ಡವರ ಮೇಜಿನ ಮೇಲೆ ಗೆರೆ ಹೇಳಿದ ಹಾಗೆ ನಿಲ್ಲಿಸಿದಳು. ಆಮೇಲೆ ತಲೆಕೆಳಗು ಮಾಡಿದಳು. ಗೆರೆ ನನ್ನದು, ತಪ್ಪು ನನ್ನದು ಎಂದಳು. ಅವಳ ಹಿಂದೆಯೇ ಬಂದಿದ್ದ ಭಾವ, ಗುರುತು ನನ್ನದು, ಚೀಟಿಯೂ ನನ್ನದು ಎಂದರು. ದೊಡ್ಡವರು ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದರು.

"ಇದು ಬೇರು ಅಂತ ಯಾರು ಹೇಳೋದು? ಹುಳ ಕೊರೆದ ತೂತು ಇರಬಹುದಲ್ಲ?"

"ಬೇರು ಅಂತ ನಾನು ಹೇಳ್ತೀನಿ ಸರ್."

"ನೀವು ಹೇಳ್ತೀರಿ. ನಿಮ್ಮ ಭಾವ ಹೇಳ್ತಾರೆ. ನಿನ್ನೆಯವರೆಗೆ ಒಬ್ಬರು ಕಡಲು, ಒಬ್ಬರು ಹೊಳೆ. ಇವತ್ತು ಇಬ್ಬರೂ ಒಂದಾಗಿ ಹೊಳೆ ಅಂತೀರಿ." ಅವರು ಕೀಲಿಯನ್ನು ಮೇಜಿನ ಖಾನೆಗೆ ಹಾಕಿ ದೂಡಿದರು. "ಹೊರಗಿನವರಿಗೆ ಕಳಿಸ್ತೀನಿ. ಅವರು ನೋಡಿ ಹೇಳಲಿ."

ಹೊರಗಿನವರು ನೋಡಿ ಬೇರು ಎಂದೇ ಹೇಳಿದರು. ವರದಿ ಹೋಯಿತು, ನಕ್ಷೆಯವನು ಹೊಳೆ ಬರೆದ, ಶಾಲೆಯ ಹತ್ತಿರ ಬಾವಿ ತೋಡಿದರು, ನೀರು ಸಿಹಿಯಾಗಿಯೇ ಬಂತು. ಭಾವ ಹೇಳುತ್ತಿದ್ದದ್ದೇ ಸರಿಯಾಯಿತು. ಆದರೆ ಕೀಲಿ ದೊಡ್ಡವರ ಖಾನೆಯಲ್ಲೇ ಉಳಿಯಿತು, ಬೇಕಾದಾಗ ಹೋಗಿ ಕೇಳಿ ತರಬೇಕು. ಅವಳ ಹಳೇ ಪೆಟ್ಟಿಗೆಗಳನ್ನೆಲ್ಲ ಇನ್ನೊಬ್ಬರು ಕೂತು ಪುನಃ ನೋಡಿದರು. ಬೇರೆ ಯಾವುದೂ ತಲೆಕೆಳಗಿರಲಿಲ್ಲ. ಅಕ್ಕನಿಗೆ ಇಬ್ಬರೂ ಏನೂ ಹೇಳಲಿಲ್ಲ. ಭಾನುವಾರದ ಊಟ ನಡೆದೇ ಇತ್ತು. ಬಂದವರ ಮುಂದೆ ರೆಪ್ಪೆಯ ಕಥೆ ಹೇಳುವುದನ್ನು ಮಾತ್ರ ಭಾವ ಯಾಕೋ ಬಿಟ್ಟರು.

ಬಿಸಿಲುಗಾಲದಲ್ಲಿ ಇನ್ನೊಂದು ಬಾವಿ ಕೊರೆಸುವ ಕೆಲಸ ಬಂತು, ಇಬ್ಬರನ್ನೂ ಕಳಿಸಿದರು. ಕೊಳವೆಯನ್ನು ಬಯಲಲ್ಲಿ ಮಲಗಿಸಿ ಮಣ್ಣಿನ ಕಂಬವನ್ನು ಹೊರಗೆ ಜಾರಿಸಿದರು. ಅವಳು ನೆರಳು ಎಲ್ಲಿದೆ ಎಂದು ನೋಡಲಿಲ್ಲ. ಕೊರೆಯುವವರನ್ನು ಬುಡ ಯಾವುದು ಎಂದು ಕೇಳಿ, ಇನ್ನೊಮ್ಮೆ ಕೇಳಿ, ಆ ಕಡೆ ಹೋಗಿ ನಿಂತು, ಉರಿಬಿಸಿಲಲ್ಲಿ ಬಗ್ಗಿ ಗೆರೆ ಎಳೆದಳು. ಕೆಂಪು ಬಲಕ್ಕೆ, ಕಪ್ಪು ಎಡಕ್ಕೆ. ಮುಗಿಸಿ ಬೆನ್ನು ನೆಟ್ಟಗೆ ಮಾಡಿ, "ನೋಡಿ ಭಾವ" ಎಂದಳು.

ಭಾವ ಟೀ ಲೋಟವನ್ನು ಕಲ್ಲಿನ ಮೇಲಿಟ್ಟು ಎದ್ದು ಬಂದರು. ಮೊದಲು ತಲೆಯ ಕಡೆ ಹೋದರು, ಆಮೇಲೆ ಬುಡದ ಕಡೆ ಬಂದರು. ಕಷ್ಟಪಟ್ಟು ಮಂಡಿಯೂರಿ, ಒದ್ದೆ ಬಟ್ಟೆಯಿಂದ ಒಂದೊಂದು ತುಂಡನ್ನೂ ಒರೆಸಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡತೊಡಗಿದರು. ಅವಳು ಬಣ್ಣದ ಕುಂಚ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಕೊನೆಯ ತುಂಡಿನವರೆಗೂ ನೋಡಿ ಮುಗಿಸಿ ಅವರು ಕುಂಚ ಇಸಿದುಕೊಂಡು ಗುರುತು ಹಾಕಿದರು, ತಿರುಗಿ ಅವಳಿಗೆ ಕೊಟ್ಟರು, ನೆಲಕ್ಕೆ ಕೈಯೂರಿ ಎದ್ದು ಹೋಗಿ ಆರಿದ ಟೀ ಕೈಗೆತ್ತಿಕೊಂಡರು. ಅವರು ಅತ್ತ ತಿರುಗಿದ ಮೇಲೆ ಅವಳು ಬಗ್ಗಿ ಆ ಗುರುತನ್ನು ನೋಡಿದಳು.